ಯಾರಿಗೂ ಬೇಡವಾದ ಕೆಲಸ, ಕಾರಿಗೆ ಬೇಕಾದ ಕೆಲಸ



ಹಳೆಯ ಕಾರುಗಳನ್ನು ಕುರಿತ ಕಾರ್ಯಕ್ರಮ ಟಿ.ವಿ.ಯಲ್ಲಿ ಬಂದಾಗ ನಿಮಗೆ ಕಾಣುವುದು ಹೊಳೆಯುವ ಬಾನೆಟ್ಟು, ದುಂಡನೆಯ ದೀಪಗಳು, ಕ್ರೋಮಿಯಂ ಲೇಪದ ಬಂಪರ್. ಕ್ಯಾಮೆರಾ ಕಾರಿನ ಕೆಳಗೆ ಹೋಗುವುದು ಅಪರೂಪ. ಆದರೆ ಕಾರು ಬಾಳಿಕೆ ಬರುವುದು, ಅದರಲ್ಲಿ ಕುಳಿತವರು ಸುರಕ್ಷಿತವಾಗಿ ಮನೆ ಸೇರುವುದು ಅಲ್ಲಿ ನಡೆಯುವ ಕೊಳಕು ಕೆಲಸಗಳಿಂದ. ಗ್ಯಾರೇಜಿನಲ್ಲಿ ಯಾರೂ ಖುಷಿಯಿಂದ ಕೈಹಾಕದ ಅಂಥ ನಾಲ್ಕು ಕೆಲಸಗಳನ್ನೂ ಅವುಗಳ ಹಿಂದಿನ ವಿಜ್ಞಾನವನ್ನೂ ಇಲ್ಲಿ ನೋಡೋಣ.

ಉದಾಹರಣೆಗೆ ನಮಗೆಲ್ಲ ಪರಿಚಿತವಾದ ಅಂಬಾಸಿಡರ್ ಕಾರನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿದ ಇದನ್ನು ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯು ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಿಸಿತು. ಸರ್ಕಾರಿ ಅಧಿಕಾರಿಗಳಿಂದ ಹಿಡಿದು ಬಾಡಿಗೆ ಟ್ಯಾಕ್ಸಿಯವರವರೆಗೆ ಎಲ್ಲರಿಗೂ ಅದು ಬೇಕಾಗಿತ್ತು.

ಕಾರು ಒಂದೇ ಆದರೂ ಊರಿಗೆ ತಕ್ಕಂತೆ ಅದರ ಕಾಯಿಲೆ ಬೇರೆ. ಬಳ್ಳಾರಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅದಿರು ಲಾರಿಗಳು ಓಡಾಡುವ ರಸ್ತೆಗಳಲ್ಲಿ ಕೆಂಪು ಧೂಳು. ತುಂಗಭದ್ರಾ ಕಾಲುವೆಯ ನೀರು ಹರಿಯುವ ಸಿರುಗುಪ್ಪ, ಕುರುಗೋಡು ಕಡೆಗೆ ಹೋದರೆ ಎರೆಮಣ್ಣಿನ ಕೆಸರು. ಈ ಮೂರೂ ಹಳೆಯ ಕಾರಿನ ಶತ್ರುಗಳೇ.

ಒಂದು: ಗ್ರೀಸ್ ಹೊಡೆಯುವುದು

ಇಂದಿನ ಕಾರುಗಳಲ್ಲಿ ಚಕ್ರದ ಕೀಲುಗಳಿಗೆ ತಯಾರಿಸುವಾಗಲೇ ಗ್ರೀಸ್ ತುಂಬಿ ಮುಚ್ಚಿರುತ್ತಾರೆ. ಹಳೆಯ ಕಾರಿನಲ್ಲಿ ಹಾಗಿಲ್ಲ. ಕಿಂಗ್ ಪಿನ್ ಮುಂತಾದ ಕಡೆ ಸಣ್ಣ ನಿಪ್ಪಲ್‌ಗಳಿರುತ್ತವೆ. ಕಾರಿನ ಕೆಳಗೆ ಅಂಗಾತ ಮಲಗಿ, ಒಂದೊಂದನ್ನೂ ಹುಡುಕಿ, ಒಣಗಿದ ಕೆಸರನ್ನು ಕೆರೆದು, ಗ್ರೀಸ್ ಗನ್‌ನಿಂದ ತುಂಬಬೇಕು. ಕಣ್ಣಿಗೆ ಮಣ್ಣು ಬೀಳುತ್ತದೆ, ಮೊಣಕೈವರೆಗೆ ಜಿಡ್ಡು ಮೆತ್ತಿಕೊಳ್ಳುತ್ತದೆ.

ಗ್ರೀಸ್ ಎರಡು ಲೋಹಗಳ ನಡುವೆ ತೆಳುವಾದ ಪದರವಾಗಿ ನಿಂತು ಘರ್ಷಣೆಯನ್ನು ತಗ್ಗಿಸುತ್ತದೆ. ಹೊಸ ಗ್ರೀಸ್ ಒಳಗೆ ಹೋದಂತೆ ಧೂಳು ಬೆರೆತ ಹಳೆಯ ಗ್ರೀಸ್ ಹೊರಗೆ ಬರಬೇಕು. ಅದಿರಿನ ಧೂಳು ಗಟ್ಟಿ ಕಣಗಳಿಂದ ಕೂಡಿದ್ದು. ಗ್ರೀಸಿನಲ್ಲಿ ಅದು ಉಳಿದರೆ ಉಪ್ಪುಕಾಗದದಂತೆ ಉಜ್ಜಿ ಕೀಲನ್ನು ಸವೆಸುತ್ತದೆ. ಸವೆದ ಕೀಲಿನಿಂದ ಸ್ಟೀರಿಂಗ್ ಅಲ್ಲಾಡತೊಡಗುತ್ತದೆ.

ಇಲ್ಲೊಂದು ಎಚ್ಚರಿಕೆ: ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಎಂದೂ ನುಸುಳಬೇಡಿ. ಕಾರಿನ ತೂಕ ಒಂದು ಟನ್ನಿಗೂ ಹೆಚ್ಚು. ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಮುಂದಿನ ಮಾತು.

ಎರಡು: ಬ್ರೇಕ್ ಬಿಚ್ಚುವುದು

ನಾಲ್ಕರಲ್ಲಿ ಅತಿ ಮುಖ್ಯವಾದದ್ದು ಇದೇ. ಹಳೆಯ ಅಂಬಾಸಿಡರ್‌ನ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. ಪೆಡಲ್ ಒತ್ತಿದಾಗ ಆ ಒತ್ತಡ ಬ್ರೇಕ್ ಆಯಿಲ್ ಮೂಲಕ ಎಲ್ಲ ಚಕ್ರಗಳಿಗೂ ತಲುಪುತ್ತದೆ. ನೀವು ಪಾಠದಲ್ಲಿ ಓದಿದ ಪ್ಯಾಸ್ಕಲ್ ನಿಯಮವೇ ಇದು. ದ್ರವವನ್ನು ಅಮುಕಿ ಚಿಕ್ಕದು ಮಾಡಲಾಗದು, ಗಾಳಿಯನ್ನು ಮಾಡಬಹುದು. ಕೊಳವೆಯಲ್ಲಿ ಗಾಳಿಯ ಗುಳ್ಳೆ ಸೇರಿದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ.

ಬ್ರೇಕ್ ಆಯಿಲ್‌ಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಆಯಿಲ್‌ಗೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಸಂಡೂರಿನ ಗುಡ್ಡಗಳ ಇಳಿಜಾರಿನಲ್ಲಿ ಪದೇ ಪದೇ ಬ್ರೇಕ್ ಒತ್ತಿ ಡ್ರಮ್ ಕಾದಾಗ ಅಂಥ ಆಯಿಲ್ ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಪರಿಣಾಮವನ್ನು ನೀವೇ ಊಹಿಸಬಹುದು. ಅದಕ್ಕಾಗಿಯೇ ಕಾಲಕಾಲಕ್ಕೆ ಹಳೆಯ ಆಯಿಲ್ ತೆಗೆದು ಹೊಸದನ್ನು ತುಂಬಬೇಕು. ಒಬ್ಬರು ಪೆಡಲ್ ಒತ್ತುತ್ತಿರಬೇಕು, ಇನ್ನೊಬ್ಬರು ಚಕ್ರದ ಬಳಿ ಕುಳಿತು ತಿರುಪು ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಮತ್ತೆ ಬಿಗಿ ಮಾಡಬೇಕು. ನಾಲ್ಕೂ ಚಕ್ರಗಳಿಗೆ ಇದೇ ಕ್ರಮ. ಆಯಿಲ್ ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ.

ಡ್ರಮ್ ಬಿಚ್ಚಿದಾಗ ಒಳಗೆ ಬೂದುಬಣ್ಣದ ಪುಡಿ ಇರುತ್ತದೆ. ಗ್ಯಾರೇಜಿನ ಹುಡುಗರು ಅದನ್ನು ಬಾಯಿಯಿಂದಲೋ ಗಾಳಿಯ ಪೈಪಿನಿಂದಲೋ ಊದುವುದನ್ನು ನೀವು ನೋಡಿರಬಹುದು. ಹಳೆಯ ಬ್ರೇಕ್ ಲೈನರ್‌ಗಳನ್ನು ಕಲ್ನಾರು ಬಳಸಿ ಮಾಡುತ್ತಿದ್ದರು. ಕಲ್ನಾರಿನ ಸೂಕ್ಷ್ಮ ಎಳೆಗಳು ಶ್ವಾಸಕೋಶ ಸೇರಿದರೆ ಅಲ್ಲೇ ಉಳಿದು, ಹತ್ತಾರು ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲವು. ಇಂದು ಊದಿದ ಹದಿನೆಂಟರ ಹುಡುಗನಿಗೆ ಕಾಯಿಲೆ ಕಾಣಿಸುವುದು ಐವತ್ತರ ಆಸುಪಾಸಿನಲ್ಲಿ! ಪುಡಿಯನ್ನು ಒದ್ದೆ ಮಾಡಿ, ಹಸಿ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಯೋಗ್ಯ ಮುಖಗವಸು ಇರಲೇಬೇಕು. ನಿಮ್ಮ ಅಣ್ಣನೋ ಗೆಳೆಯನೋ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದರೆ ಈ ಮಾತನ್ನು ದಯವಿಟ್ಟು ತಿಳಿಸಿ.

ಮೂರು: ರೇಡಿಯೇಟರ್ ತೊಳೆಯುವುದು

ನಮ್ಮ ಭಾಗದ ಬೋರ್‌ವೆಲ್ ನೀರು ಹಲವೆಡೆ ಗಡಸು. ಅದನ್ನೇ ರೇಡಿಯೇಟರ್‌ಗೆ ತುಂಬಿದರೆ ಪಾತ್ರೆಯ ತಳದಲ್ಲಿ ಕಟ್ಟುವಂತಹ ಬಿಳಿ ಪದರ ಕೊಳವೆಗಳಲ್ಲೂ ಕಟ್ಟುತ್ತದೆ. ಇದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ತಾಮ್ರ ಉಷ್ಣವನ್ನು ಈ ಪದರಕ್ಕಿಂತ ನೂರಾರು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಹೀಗಾಗಿ ತೆಳುವಾದ ಪದರವೂ ತಂಪಾಗುವಿಕೆಗೆ ಅಡ್ಡಿ, ಬೇಸಿಗೆಯಲ್ಲಿ ಕಾರು ದಾರಿ ಮಧ್ಯೆ ಕುದಿದು ನಿಲ್ಲುತ್ತದೆ. ರೇಡಿಯೇಟರ್ ಬಿಚ್ಚಿ, ದುರ್ಬಲ ಆಮ್ಲದಿಂದ ಪದರವನ್ನು ಕರಗಿಸಿ, ನೀರನ್ನು ವಿರುದ್ಧ ದಿಕ್ಕಿನಲ್ಲಿ ಹರಿಸಿ ತೊಳೆಯಬೇಕು. ಬಳಿಕ ಬಟ್ಟಿ ಇಳಿಸಿದ ನೀರು ಮತ್ತು ಕೂಲೆಂಟ್ ತುಂಬಿದರೆ ಈ ಕಷ್ಟ ಬೇಗ ಮರಳುವುದಿಲ್ಲ.

ಕಾದ ರೇಡಿಯೇಟರ್‌ನ ಮುಚ್ಚಳವನ್ನು ತೆರೆಯಬಾರದು ಎನ್ನುವುದು ಏಕೆ? ಮುಚ್ಚಳ ಒತ್ತಡವನ್ನು ಹಿಡಿದಿಡುತ್ತದೆ. ಒತ್ತಡ ವಾತಾವರಣದ ಒಂದೂವರೆ ಪಟ್ಟಾದರೆ ನೀರಿನ ಕುದಿಬಿಂದು ಸುಮಾರು 112 ಡಿಗ್ರಿಗೆ ಏರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು, ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ.

ನಾಲ್ಕು: ತುಕ್ಕು ಕೆರೆಯುವುದು

ಎರೆಮಣ್ಣಿಗೆ ನೀರು ಹಿಡಿದಿಡುವ ಗುಣ ಹೆಚ್ಚು. ರೈತನಿಗೆ ಇದು ವರ, ಕಾರಿಗೆ ಶಾಪ. ಸಿರುಗುಪ್ಪದ ಭತ್ತದ ಗದ್ದೆಗಳ ದಾರಿಯಲ್ಲಿ ಮಡ್‌ಗಾರ್ಡ್ ಒಳಗೆ ಮೆತ್ತಿದ ಕೆಸರು ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವವಾಗಿರುತ್ತದೆ. ಕಬ್ಬಿಣ, ನೀರು, ಆಮ್ಲಜನಕ ಸೇರಿದರೆ ತುಕ್ಕು. ಅದು ಮೂಲ ಲೋಹಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಬಣ್ಣ ಉಬ್ಬಿ ಎದ್ದುಬರುತ್ತದೆ. ಉಬ್ಬು ಕಾಣುವ ಹೊತ್ತಿಗೆ ಒಳಗಿನ ತಗಡು ಎಷ್ಟೋ ಹೋಗಿರುತ್ತದೆ.

ಸ್ವಾರಸ್ಯವೆಂದರೆ ಸಂಡೂರಿನ ಬೆಟ್ಟಗಳ ಹೆಮಟೈಟ್ ಅದಿರೂ ಕಬ್ಬಿಣದ ಆಕ್ಸೈಡೇ. ಕುಲುಮೆಯಲ್ಲಿ ಅಪಾರ ಶಕ್ತಿ ವ್ಯಯಿಸಿ ನಾವು ಆಮ್ಲಜನಕವನ್ನು ಬೇರ್ಪಡಿಸುತ್ತೇವೆ. ತುಕ್ಕು ಅದನ್ನು ಮೆಲ್ಲನೆ ಮರಳಿ ಸೇರಿಸುತ್ತದೆ. ಈ ಮರಳುವಿಕೆಯನ್ನು ತಡೆಯಲು ಮ್ಯಾಟ್ ಎತ್ತಿ, ತಂತಿ ಬ್ರಷ್‌ನಿಂದ ಹೊಳೆಯುವ ಲೋಹ ಕಾಣುವತನಕ ಉಜ್ಜಿ, ಅದೇ ದಿನ ಪ್ರೈಮರ್ ಹಚ್ಚಬೇಕು. ತುಕ್ಕಿನ ಮೇಲೆಯೇ ಬಣ್ಣ ಬಳಿಯುವುದು ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ.

ಇಷ್ಟೆಲ್ಲ ಏಕೆ?

ಐವತ್ತು ವರ್ಷ ದಾಟಿ, ಮೂಲರೂಪ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನೇ ನೋಡಬಹುದು. ನೋಡಿ ಬರುವುದು ಸುಲಭ. ಕೆಟ್ಟಾಗ ಸರಿಮಾಡಬಲ್ಲ ಕೈಗಳು ಉಳಿಯಬೇಕಾದರೆ ಈ ಕೆಲಸಗಳನ್ನು ಕಲಿಯುವವರೂ ಬೇಕು, ಅವರ ಆರೋಗ್ಯವೂ ಉಳಿಯಬೇಕು.

ಮಾಡಿ ನೋಡಿ: ಮೂರು ಕಬ್ಬಿಣದ ಮೊಳೆ ತೆಗೆದುಕೊಳ್ಳಿ. ಒಂದನ್ನು ಒಣ ಎರೆಮಣ್ಣಿನಲ್ಲಿ, ಒಂದನ್ನು ಒದ್ದೆ ಎರೆಮಣ್ಣಿನಲ್ಲಿ ಇಡಿ. ಮೂರನೆಯದಕ್ಕೆ ಗ್ರೀಸ್ ಸವರಿ ಒದ್ದೆ ಮಣ್ಣಿನಲ್ಲಿಯೇ ಇಡಿ. ಹತ್ತು ದಿನ ಬಿಟ್ಟು ಹೊರತೆಗೆದು ಹೋಲಿಸಿ, ಕಾರಣ ಬರೆಯಿರಿ.