ಅಮ್ಮನ ಕಾಲಿಗೆ ಯಾವ ಲೋಹ?

ಪೀತಮ್‌ಪುರದಲ್ಲಿ ಕೂತು ಮೈಸೂರಿನ ಯೆಜ್ಡಿಗೆ ಫುಟ್‌ರೆಸ್ಟ್ ಮಾಡಿಸಲು ಹೊರಟವನು ನಾನು. ಗಾಡಿಯನ್ನೇ ಇಲ್ಲಿಗೆ ತರೋಣವೆಂದರೆ, ಅಷ್ಟು ಹಳೆಯ ಪೆಟ್ರೋಲ್ ಗಾಡಿಯನ್ನು ದೆಹಲಿಯಲ್ಲಿ ಓಡಿಸುವಂತಿಲ್ಲ. 15 ವರ್ಷದ ಮಿತಿ. ಅದನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆಯೂ 1996ರಲ್ಲೇ ಮುಚ್ಚಿತು.

ಅಮ್ಮ ಸೀರೆಯುಟ್ಟು ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂರುವವರು. ಮಂಡಿನೋವು ಬಂದ ಮೇಲೆ ಹಳೆಯ ಪುಟ್ಟ ಫುಟ್‌ರೆಸ್ಟ್ ಸಾಲದಾಯಿತು. ಅಗಲದ್ದು ಬೇಕೆಂದು ಅಪ್ಪ ರಟ್ಟಿನಲ್ಲಿ ಅಳತೆ ಕತ್ತರಿಸಿ ಕೊರಿಯರ್ ಮಾಡಿದರು.

ನನಗೆ ಅಲ್ಯೂಮಿನಿಯಂ ಮೇಲೆ ಕಣ್ಣಿತ್ತು. ತೂಕ ಉಕ್ಕಿನ ಮೂರನೇ ಒಂದು ಭಾಗ, ತುಕ್ಕಿಲ್ಲ, ಹೊಳಪು ಬೇರೆ. ಆದರೆ 6061 ಟಿ6 ಎಂಬ ಒಳ್ಳೆಯ ಜಾತಿಯದನ್ನು ತಂದರೂ, ವೆಲ್ಡಿಂಗ್ ಬಿಸಿಗೆ ಹದ ಕೆಟ್ಟು ಅಲ್ಲಿನ ಬಲ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಸಣ್ಣ ಅದುರಾಟವೂ ಅದರೊಳಗೆ ಲೆಕ್ಕಕ್ಕೆ ಸೇರುತ್ತಾ ಹೋಗಿ ಒಂದು ದಿನ ಬಿರುಕು ಬಿಡಬಹುದು. ಉಕ್ಕು ಹಾಗಲ್ಲ, ಹೊರೆ ಮಿತಿಯೊಳಗಿದ್ದರೆ ವರ್ಷಗಟ್ಟಲೆ ಅದುರಿದರೂ ತಾಳಿಕೊಳ್ಳುತ್ತದೆ. ಟು-ಸ್ಟ್ರೋಕ್ ಯೆಜ್ಡಿ ಅದುರುವುದು ಗೊತ್ತಲ್ಲ!

ಪಕ್ಕದ ವಜೀರ್‌ಪುರದ ತುಂಬ ಸ್ಟೇನ್‌ಲೆಸ್ ಸ್ಟೀಲೇ. ಅದೂ ಆಗುತ್ತಿತ್ತು. ಆದರೆ ಡ್ರಿಲ್ ಬಿಟ್ಟು ಬರೀ ಉಜ್ಜಾಡಿದರೆ ಅಲ್ಲೇ ಗಡುಸಾಗುತ್ತದೆ. ನಾಳೆ ಮೈಸೂರಿನ ಗ್ಯಾರೇಜಿನಲ್ಲಿ ತೂತು ದೊಡ್ಡದು ಮಾಡಬೇಕೆಂದರೆ ಪರದಾಟ.

ಕೊನೆಗೆ 5 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಪ್ಲೇಟನ್ನೇ ಕತ್ತರಿಸಿಸಿದೆ. ಭಾರ ಮೀರಿದರೆ ಮುರಿಯುವ ಮೊದಲು ಬಾಗುತ್ತದೆ. ಬೀದಿಯ ವೆಲ್ಡರ್ ಕೂಡ ಸರಿ ಮಾಡಿಯಾನು. ತುಕ್ಕು ಹಿಡಿಯದಂತೆ ಪೌಡರ್ ಕೋಟಿಂಗ್.

"ನೂರು ಕಿಲೋಮೀಟರ್ ಆದ ಮೇಲೆ ಬೋಲ್ಟ್ ಬಿಗಿ ಮಾಡಿ, ವೆಲ್ಡಿಂಗ್ ನೋಡಿ ಅಪ್ಪ" ಎಂದು ಫೋನಿನಲ್ಲಿ ಹೇಳಿದೆ.

"ಮೊದಲು ನಿಮ್ಮಮ್ಮ ಕೂರಲಿ, ತಡಿಯೋ" ಎಂದರು.