ತಪ್ಪಿನ ಬೆನ್ನುಹತ್ತಿ

ತಂತ್ರಾಂಶ ರಚಿಸುವವನ ದಿನದಲ್ಲಿ ಬರೆಯುವ ಹೊತ್ತು ಕಡಿಮೆ. ಬರೆದುದರಲ್ಲಿ ಅಡಗಿದ ತಪ್ಪನ್ನು ಅರಸುವ ಹೊತ್ತೇ ದೀರ್ಘ. ಗಂಟೆಗಟ್ಟಲೆ ಪರದೆಯನ್ನೇ ದಿಟ್ಟಿಸುವವನನ್ನು ಕಂಡು ಮನೆಯವರು ಬೇಸರಗೊಳ್ಳುವುದು ಸಹಜವೇ. ಆದರೆ ಅವನನ್ನು ಕಾಡುವುದು ಯಂತ್ರದ ಮೊಂಡುತನವಲ್ಲ, ಅದರ ಅತಿವಿಧೇಯತೆ. ಹೇಳಿದುದನ್ನು ಹೇಳಿದಂತೆಯೇ ಅದು ಮಾಡುತ್ತದೆ, ಮನಸ್ಸಿನಲ್ಲಿದ್ದುದನ್ನು ಊಹಿಸದು.

೧೯೯೬ರ ಜೂನ್ ೪ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಮೇಲೇರಿದ ಯೂರೋಪಿನ ಏರಿಯಾನ್-೫ ರಾಕೆಟ್ಟು ಸುಮಾರು ನಲವತ್ತು ಸೆಕೆಂಡುಗಳಲ್ಲಿ ಚೂರುಚೂರಾಯಿತು. ಏರಿಯಾನ್-೪ರಲ್ಲಿ ನೆಚ್ಚಿಕೆಯಿಂದ ದುಡಿದಿದ್ದ ಆದೇಶಗಳನ್ನೇ ಅದರಲ್ಲಿಯೂ ಉಳಿಸಿಕೊಂಡಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗ ಬಲುಬೇಗ ಏರಿತು. ಅದಕ್ಕೆ ಸಂಬಂಧಿಸಿದ ಸಂಖ್ಯೆಯೊಂದು, ೩೨,೭೬೭ರವರೆಗೆ ಮಾತ್ರ ಹಿಡಿಯುವ ಜಾಗದಲ್ಲಿ ಹಿಡಿಸದೆ ಹೋಯಿತು. ದಿಕ್ಕು ತಿಳಿಸುವ ಯಂತ್ರ ಸ್ತಬ್ಧವಾಯಿತು. ಆಪತ್ತಿಗೆಂದು ಇರಿಸಿದ್ದ ಜೊತೆಯ ಯಂತ್ರ? ಅದರಲ್ಲಿದ್ದುದೂ ಅದೇ ಬರಹ, ಅದೇ ತಪ್ಪು! ಸೋಜಿಗವೆಂದರೆ, ನೆಲಬಿಟ್ಟ ಆ ರಾಕೆಟ್ಟಿಗೆ ಈ ಲೆಕ್ಕ ಬೇಕಾಗಿಯೇ ಇರಲಿಲ್ಲ.

ಹಿಂದೆ ಸರಿಯಾಗಿ ನಡೆದುದನ್ನು ಶಂಕಿಸುವುದು ಕಷ್ಟ. ದಿನನಿತ್ಯದ ಸಣ್ಣ ತಪ್ಪುಗಳೂ ಅಲ್ಲಿಯೇ ಅವಿತಿರುತ್ತವೆ. ಬೇಸತ್ತಾಗ ಅವನು ಬೇರೆಲ್ಲೋ ಕುಳಿತ ಸಹೋದ್ಯೋಗಿಗೆ ತನ್ನ ತೊಡಕನ್ನು ಪರದೆಯ ಮೇಲೆಯೇ ಬರೆದು ತಿಳಿಸತೊಡಗುತ್ತಾನೆ. ಅರ್ಧ ವಿವರಿಸುವಷ್ಟರಲ್ಲಿ ತಪ್ಪು ತಾನಾಗಿ ಕಣ್ಣಿಗೆ ಬೀಳುವುದುಂಟು. ಇದನ್ನರಿತು ಮೇಜಿನ ಮೇಲೆ ರಬ್ಬರಿನ ಬಾತುಕೋಳಿಯನ್ನಿಟ್ಟುಕೊಂಡು ಅದಕ್ಕೇ ಎಲ್ಲವನ್ನೂ ವಿವರಿಸುವವರೂ ಇದ್ದಾರೆ!