ಹಚ್ಚೆಗೆ ಇಂಚಿನ ಲೆಕ್ಕ. ಸೂಜಿಯ ಮೇಲಿರಲಿ ಕಣ್ಣು

ಬೆಂಗಳೂರು: ಹಿಂದೆ ಮನೆಬಾಗಿಲಿಗೆ ಬರುತ್ತಿದ್ದ ಕೊರವಂಜಿಗೆ ಕಾಳುಕಡಿ ಕೊಟ್ಟು ಅಜ್ಜಿಯರು ಮುಂಗೈಗೆ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು. ಇಂದು ಜಯನಗರ, ಜೆ.ಪಿ.ನಗರ, ಬಿಟಿಎಂ ಬಡಾವಣೆಗಳ ಟ್ಯಾಟೂ ಸ್ಟುಡಿಯೋಗಳಲ್ಲಿ ಅದೇ ಹಚ್ಚೆಗೆ ಚದರ ಇಂಚಿನ ಲೆಕ್ಕ.

ಚದರ ಇಂಚಿಗೆ 500 ರೂ. ಎಂದಿಟ್ಟುಕೊಂಡರೆ, 3 ಇಂಚು ಅಗಲ, 4 ಇಂಚು ಉದ್ದದ ಚಿತ್ರಕ್ಕೆ 6,000 ರೂ. ಆಯಿತು. ಬಣ್ಣ, ಭಾವಚಿತ್ರವೆಂದರೆ ದರ ಇನ್ನೂ ಏರುತ್ತದೆ. ಒಂದೇ ಅಕ್ಷರ ಬರೆಸಿದರೂ ಕನಿಷ್ಠ ಶುಲ್ಕ ತಪ್ಪದು. ಏಕೆಂದರೆ ಸೂಜಿ, ಕೈಗವಸು, ಉಳಿದ ಶಾಯಿ ಯಾವುದನ್ನೂ ಮತ್ತೊಬ್ಬರಿಗೆ ಬಳಸುವಂತಿಲ್ಲ. ತೀರಾ ಅಗ್ಗದ ದರ ಹೇಳುವವರು ಉಳಿತಾಯ ಮಾಡುವುದೆಲ್ಲಿ ಎಂಬುದೇ ಪ್ರಶ್ನೆ.

ರಕ್ತ ತಾಗಿದ ಸೂಜಿ ಮರುಬಳಕೆಯಾದರೆ ಹೆಪಟೈಟಿಸ್ ಬಿ, ಸಿ ಹಾಗೂ ಎಚ್‌ಐವಿ ಹರಡಬಲ್ಲವು. ಹಚ್ಚೆ ಹಾಕಿಸಿಕೊಂಡವರಿಂದ 12 ತಿಂಗಳು ರಕ್ತದಾನ ಸ್ವೀಕರಿಸದಿರುವುದು ಇದೇ ಕಾರಣಕ್ಕೆ. ಮುಚ್ಚಿದ ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಒಡೆಯುವಂತೆ ಕೇಳಲು ಸಂಕೋಚ ಬೇಡ.

ಕಲಾವಿದನ ಆಲ್ಬಂನಲ್ಲಿ ಆಗಷ್ಟೇ ಮುಗಿದ ಹಚ್ಚೆಗಳೆಲ್ಲ ಚೆಂದವೇ. ಗಾಯ ಮಾಗಿ ವರ್ಷ ಕಳೆದವುಗಳ ಚಿತ್ರ ಕೇಳಬೇಕು. ಕನ್ನಡದಲ್ಲಿ ಹೆಸರು ಬರೆಸುವವರು ಕಾಗುಣಿತ, ಒತ್ತಕ್ಷರಗಳನ್ನು ಮೊದಲು ಕಾಗದದ ಮೇಲೆ ಓದಿ ಒಪ್ಪುವುದು ಕ್ಷೇಮ. ಕನ್ನಡ ಬಾರದ ಕಲಾವಿದನಿಗೆ ಅದು ಬರಿಯ ಚಿತ್ರ!

ಶಾಯಿಯದು ಬೇರೆಯೇ ಕಥೆ. ಅದರಲ್ಲಿ 22 ಲೋಹಗಳ ಅಂಶ ಪತ್ತೆಯಾಗಿದೆಯೆಂದು 2025ರ ಫೆಬ್ರವರಿಯಲ್ಲಿ ತಿಳಿಸಿದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ನಿಯಂತ್ರಣಕ್ಕಾಗಿ ಕೇಂದ್ರಕ್ಕೆ ಪತ್ರ ಬರೆಯುವುದಾಗಿ ಹೇಳಿದ್ದರು. ಬಾಟಲಿಯ ಮೇಲೆ ತಯಾರಕರ ಹೆಸರು, ಅವಧಿ ಮುಗಿಯುವ ದಿನಾಂಕ ಇದೆಯೇ ಎಂದು ಗ್ರಾಹಕನೇ ನೋಡಿಕೊಳ್ಳಬೇಕು. ಬೇಡವೆನಿಸಿದರೆ ಅಳಿಸಲು ಲೇಸರ್ ಇದೆ. ಆದರೆ ಅದಕ್ಕೆ ಚರ್ಮವೈದ್ಯರಲ್ಲಿಗೆ ಹಲವು ಬಾರಿ ಹೋಗಬೇಕು, ಖರ್ಚೂ ಸಾಮಾನ್ಯವಾಗಿ ಹಾಕಿಸಿಕೊಂಡದ್ದಕ್ಕಿಂತ ಹೆಚ್ಚು.